ಪಟ್ಟಿಯ ಹತ್ತನೇ ಪುಸ್ತಕ

ಬರ್ಚ್ ಕ್ರೀಕ್ ಗ್ರಂಥಾಲಯ
ಜೂನ್ ೨೭

ಸಮಿತಿ ಅಧ್ಯಕ್ಷರಾದ ರಸೆಲ್ ಡೆಮ್ಚುಕ್ ಅವರಿಗೆ,

ಜುಲೈ ಒಂದರ ಕೆನಡಾ ದಿನದಂದು ಬಾಗಿಲ ಬಳಿಯ ಮೇಜಿನ ಮೇಲಿಡುವ, ನಮ್ಮ ದೇಶದ ಬದುಕನ್ನು ನಮ್ಮವರೇ ಬರೆದ ಹತ್ತು ಪುಸ್ತಕಗಳ ಪಟ್ಟಿಯನ್ನು ಮತ್ತೆ ಕಳುಹಿಸಿದ್ದೇನೆ. ನೀವು ಹೊಡೆದುಹಾಕಿದ ಹತ್ತನೆಯದೂ ಅದರಲ್ಲಿದೆ. ಮೂರು ಸಲ ತೆಗೆದೆ, ಮೂರು ಸಲ ಸೇರಿಸಿದೆ; ಕೂತಲ್ಲಿ ಕೂರಲಾಗುತ್ತಿಲ್ಲ.

"ಹಬ್ಬದ ದಿನ ಆ ವಸತಿಶಾಲೆ ಗೋಳು ಯಾಕ್ರೀ? ಯಾರ್ ಓದ್ತಾರೆ ಅದನ್ನ?" ಎಂದಿರಿ. ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತೊಯ್ದು ಇಟ್ಟಿದ್ದ ಆ ಶಾಲೆಯ ನೆನಪುಗಳ ಪುಸ್ತಕವನ್ನು ನಿಮ್ಮ ತಾಯಿ ಅಡೆಲ್ ಓದುತ್ತಾರೆ. ಚಳಿಗಾಲದಿಂದ ಪುಸ್ತಕ ಅವರ ಹತ್ತಿರವೇ ಇದೆ. ನಿನ್ನೆ ಏಳನೇ ಸಲ ವಾಯಿದೆ ಮುಂದೂಡಿಸಿಕೊಳ್ಳಲು ಬಂದವರು, "ಅವನ ಮುಂದೆ ನಂಗೆ ಬಾಯೇ ಬರಲ್ಲ ಕಣೇ, ನೀನೇ ಬರೆದುಬಿಡು" ಎಂದರು.

ಒಂದನೇ ತಾರೀಖು ಅವರೇ ಒಂದು ಪುಟ ಗಟ್ಟಿಯಾಗಿ ಓದುತ್ತಾರಂತೆ. ಮೆಟ್ಟಿಲು ಹತ್ತಲು ಅವರಿಗೆ ಕಷ್ಟ. ಹತ್ತು ಗಂಟೆಗೆ ನೀವೇ ಕೈಹಿಡಿದು ಕರೆತನ್ನಿ. ಪುಸ್ತಕದಲ್ಲಿ ಅವರು ಉಣ್ಣೆಯ ಎಳೆ ಇಟ್ಟಿರುವ ಪುಟದಲ್ಲಿ ಶಾಲೆಯ ಫೋಟೋ ಇದೆ. ಫೋಟೋದ ಮೊದಲ ಸಾಲಿನಲ್ಲಿ ನಿಂತಿರುವ, ಕೂದಲು ಕತ್ತರಿಸಲಾದ ಹುಡುಗಿಯನ್ನು ಬರುವ ಮೊದಲೇ ನೋಡಿಕೊಳ್ಳಿ. ಅವಳ ಗಲ್ಲದ ಗುಳಿ ನಿಮಗೂ ಇದೆ.

ಪಟ್ಟಿ ಅಂಟಿಸಲು ಕಾದಿರುವ,
ಇರೀನ್ ಫೊಂಟೇನ್
ಗ್ರಂಥಪಾಲಕಿ