ತಮಾಲೆ ವ್ಯಾಪಾರ ಯಾರ ಬುದ್ಧಿ

ಕ್ರಿಸಾಂತೊ,

ನೀನು ಸತ್ತು ಆರಾಮಾಗಿ ಮಲಗಿದ್ದೀಯ, ಇಲ್ಲಿ ನನ್ನ ರಕ್ತ ಕುದಿಯುತ್ತಿದೆ. ಮೊಮ್ಮಗಳು ಯಾರೆಲಿ ನಮ್ಮೂರ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಈಗ ದೊಡ್ಡ ವಿಶ್ವವಿದ್ಯಾಲಯದ ಬಿಸಿನೆಸ್ ಓದಿಗೆ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿ ಸೀಟು ಸಿಗುವುದು ಬಲು ಕಷ್ಟವಂತೆ. ಅಂಕ ಸಾಲದಂತೆ, ಮನೆಯ ಕಥೆಯನ್ನೂ ಬರೆಯಬೇಕಂತೆ. ಬರೆದದ್ದನ್ನು ಇವತ್ತು ನನಗೆ ಓದಿ ಹೇಳಿದಳು.

"ಹಣ್ಣು ಕೀಳುವವರಿಗೆ ತೋಟದ ಗೇಟಿನಲ್ಲೇ ಬಿಸಿ ತಮಾಲೆ ಮಾರುವ ಉಪಾಯ ನನ್ನ ತಾತನದು" ಎಂದೇ ಶುರು!

"ಲೇ, ಮುಸುಕಿನ ಜೋಳದ ಹಿಟ್ಟು ನಾದಿ, ತೆನೆ ಸಿಪ್ಪೇಲಿ ಸುತ್ತಿ ಬೇಯಿಸಿದ್ದು ನಾನು. ಗಿರಾಕಿ ಹಿಡಿದಿದ್ದು ನಾನು. ನಿನ್ನ ತಾತ ವ್ಯಾನಲ್ಲಿ ಕೂತು ರೇಡಿಯೊ ಕೇಳ್ತಿದ್ದ, ಅಷ್ಟೇ!"

"ಅಜ್ಜಿ, ತಾತ ಹೋದಾಗಿಂದ ಎಲ್ರ ಹತ್ರ ಅದು ತಾತನ ಉಪಾಯ ಅಂತ ಹೇಳ್ಕೊಂಡು ಬಂದಿರೋಳು ನೀನೇ ತಾನೆ? ಹೇಳು, ಅಳಿಸ್ಲಾ?"

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇವಳ ಜೊತೆ ಏನು ವಾದ ಮಾಡಲಿ?

"ಇರ್ಲಿ, ಹಂಗೇ ಕಳ್ಸು" ಅಂದೆ. "ಸೀಟು ಸಿಗ್ಲಿಲ್ಲ ಅಂದ್ರೆ ಅದೂ ನಿನ್ನ ತಾತಂದೇ ತಪ್ಪು."

ಬೀಗಬೇಡ. ಹೀಗೆ ಬೀಗುತ್ತೀಯ ಅಂತಲೇ ನೀನಿದ್ದಾಗ ಉಪಾಯ ನಿನ್ನದು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ.

ಹೊರ್ತೆನ್ಸಿಯಾ