ಏಳನೆಯ ಕಿಟಕಿಯ ಅಗುಳಿ

ತೇಲೂರು, ಆಷಾಢ ಮಾಸದ ನಲವತ್ತೊಂದನೆಯ ದಿನ, ಹಳೆಯ ಎಣಿಕೆಯಲ್ಲಿ ೨೩೮೪ನೆಯ ಇಸವಿ

ಇನ್ನೂ ಹುಟ್ಟದ ನನ್ನ ಮೊಮ್ಮಕ್ಕಳೇ,

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮ ರಾಜ್ಯಾಂಗದ ಕರಡು ಆಷಾಢದೊಳಗೆ ಮುಗಿಯುತ್ತದೆಂದು ಸಭೆಯ ಅಧ್ಯಕ್ಷ ಪರಮಯ್ಯನವರು ಮಾತು ಕೊಟ್ಟಿದ್ದರು. ಮುಗಿಯಲಿಲ್ಲ. ಆದ್ದರಿಂದ ಆಷಾಢವೇ ಮುಗಿಯಕೂಡದೆಂದು ಆಜ್ಞೆ ಹೊರಡಿಸಿದರು. ಕೊಟ್ಟ ಮಾತಿಗೆ ತಪ್ಪದವರು ಎಂದು ಊರು ಹೊಗಳಿತು. ನನಗೆ ಅವರ ಮೇಲೆ ಗುಮಾನಿ ಹುಟ್ಟಿದ್ದು ಅಂದೇ. ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ಸಭ್ಯವಾಗಿ ಬರೆಯುವಷ್ಟು ಸಮಾಧಾನ ನನಗಿಲ್ಲ.

ತೇಲೂರು ಎಂದರೆ ಕಾರವಾರದ ಕಡಲ ಮೇಲೆ ಸಾವಿರದ ಇನ್ನೂರು ಹಲಗೆಮನೆಗಳನ್ನು ಸರಪಳಿಯಿಂದ ಬಿಗಿದ ಊರು. ಬೆಳಗ್ಗೆ ಮಂಜುಬಲೆ ಹಿಂಡಿ ಕುಡಿಯುವ ನೀರು ಇಳಿಸುತ್ತೇವೆ, ಕಡಲಪಾಚಿಯ ರೊಟ್ಟಿ ತಟ್ಟುತ್ತೇವೆ, ಅಲೆ ಜೋರಾದರೆ ಪಾತ್ರೆಪಡಗಗಳನ್ನು ಹಗ್ಗಕ್ಕೆ ಕಟ್ಟುತ್ತೇವೆ. ಮೊದಲು ಬಂದವರಿಗೆ ಮುಂದೋಣಿಯವರೆಂದೂ, ದಡ ಮುಳುಗಿದ ಮೇಲೆ ಬಂದವರಿಗೆ ಹಿಂದೋಣಿಯವರೆಂದೂ ಹೆಸರು. ನಾನು ಮುಂದೋಣಿಯವಳು. ನನ್ನ ಸೊಸೆ ಬೀರಮ್ಮ ಹಿಂದೋಣಿಯವಳು, ಈಗ ಆರು ತಿಂಗಳ ಬಸುರಿ. ತಾಯಿಯ ಓಣಿಯೇ ಮಕ್ಕಳ ಓಣಿ ಎಂಬುದು ಇಲ್ಲಿನ ಕಟ್ಟಳೆ, ಆದ್ದರಿಂದ ನೀವೂ ಹಿಂದೋಣಿಯವರೇ.

ನನ್ನ ಹೆಸರು ಮಾಸ್ತಮ್ಮ, ಸಭಾಮನೆಯ ಅಗುಳಿಗಿತ್ತಿ. ಸಭೆ ಕೂತಾಗ ಏಳು ಕಿಟಕಿಗಳಿಗೂ ಅಗುಳಿ ಹಾಕಿ, ಕೇಳಿದ್ದನ್ನು ಹೊರಗೆ ಆಡೆನೆಂದು ಆಣೆಯಿಟ್ಟು ಕೂರುವುದು ನನ್ನ ಕೆಲಸ. ಇದೇನು ಹುಚ್ಚು ಪದ್ಧತಿ ಎನ್ನುತ್ತೀರಾ? ಆರುನೂರು ವರ್ಷಗಳ ಹಿಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಜ್ಯಾಂಗ ಬರೆದವರು ಬಿರುಬೇಸಿಗೆಯಲ್ಲೂ ಕಿಟಕಿ ಮುಚ್ಚಿ, ಬಾಗಿಲಿಗೆ ಕಾವಲಿಟ್ಟು, ಗುಟ್ಟಾಗಿ ಕೂತಿದ್ದರಂತೆ. ಅಷ್ಟು ಕಾಲ ಬಾಳಿದ ರಾಜ್ಯಾಂಗ ಮುಚ್ಚಿದ ಕಿಟಕಿಯಿಂದಲೇ ಬಂತೆಂದು ನಮ್ಮ ಹಿರಿಯರು ನಂಬಿಬಿಟ್ಟರು. ಕಡಲಗಾಳಿಗೆ ಬೆನ್ನು ಹಾಕಿ, ಬೆವರು ಒರೆಸಿಕೊಳ್ಳುತ್ತ, ಮುಚ್ಚಿದ ಕೋಣೆಯಲ್ಲಿ ಕೂರುವುದೇ ನಮಗೆ ಮಡಿಯಾಯಿತು.

ನಾನು ಸುಮ್ಮನೆ ಕೂರುವವಳಲ್ಲ. ಸಭಾಮನೆಯ ಕಪಾಟಿನಲ್ಲಿದ್ದ ಹಳೆಯ ಚರಿತ್ರೆಯನ್ನು ಪೂರ್ತಿ ಓದಿದೆ. ಕಿಟಕಿ ಮುಚ್ಚಿದ್ದು ಅರ್ಧ ಕಥೆ ಮಾತ್ರ. ಆಮೇಲೆ ಆ ಕರಡನ್ನು ಅಚ್ಚು ಹಾಕಿ ಹಂಚಿದರು. ರಾಜ್ಯರಾಜ್ಯಗಳಲ್ಲಿ ತಿಂಗಳುಗಟ್ಟಲೆ ಜಗಳವಾಯಿತು. ನಮ್ಮ ಹಕ್ಕುಗಳೆಲ್ಲಿ ಎಂದು ಜನ ಕೇಳಿದ ಮೇಲೆ ಅವನ್ನು ಸೇರಿಸಬೇಕಾಯಿತು. ಅದಕ್ಕೂ ಮೊದಲು ಮ್ಯಾಸಚೂಸೆಟ್ಸ್ ಎಂಬಲ್ಲಿ ಊರೂರಿನ ಸಭೆಗಳು ಒಂದು ಕರಡನ್ನು ಓದಿ, ಬೇಡವೆಂದು ಹಿಂದಕ್ಕೆ ಕಳಿಸಿದ್ದವು. ಈ ಪುಟಗಳನ್ನು ನಮಗೆ ಯಾರೂ ಓದಿಸಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಅವರು ಗುಲಾಮರನ್ನು ಐವರಿಗೆ ಮೂವರಂತೆ ಎಣಿಸಿದ್ದರು. ಆ ಎಣಿಕೆಯ ಲಾಭವೂ ಗುಲಾಮರಿಗಲ್ಲ, ಅವರನ್ನು ಇಟ್ಟುಕೊಂಡವರಿಗೆ, ಸಭೆಯಲ್ಲಿ ಹೆಚ್ಚು ಸ್ಥಾನ ಸಿಗಲೆಂದು. ಅಲ್ಲಿ ಗುಲಾಮ ಎಂಬ ಪದವನ್ನೇ ಬರೆಯದೆ ಇತರರು ಎಂದಿದ್ದರು. ಅದನ್ನು ಓದಿ ಮೈ ಉರಿಯಿತು. ಏಕೆಂದರೆ ನಮ್ಮ ಕರಡಿನ ಒಂಬತ್ತನೆಯ ಕಲಮಿನಲ್ಲೂ ‘ಇತರ ನಿವಾಸಿಗಳು’ ಇದ್ದರು, ಅಂದರೆ ಹಿಂದೋಣಿಯವರು, ಐವರಿಗೆ ಮೂವರಂತೆ, ಮತವಿಲ್ಲದೆ. ಪರಮಯ್ಯನವರು ಪ್ರತಿದಿನ ಆ ಕಲಮನ್ನು ಮಾತ್ರ ತಗ್ಗಿದ ದನಿಯಲ್ಲಿ ಓದುತ್ತಿದ್ದರು.

ಆಣೆ ಮುರಿದು ಬೀರಮ್ಮನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, “ಅತ್ತೆ, ಹಂಗಾರೆ ಈ ಹೊಟ್ಟೆಲಿರೂದು ಎಷ್ಟು ಜನ?” ಎಂದಳು. ಮುಂದೋಣಿಯವಳಾದ ನನಗೆ ನಾಚಿಕೆಯಾಯಿತು.

ನಿನ್ನೆ ಮಧ್ಯಾಹ್ನ ಒಂಬತ್ತನೆಯ ಕಲಮು ಕೊನೆಯ ಓದಿಗೆ ಬಂತು. ದೋಣಿಕಟ್ಟೆಗೆ ಎದುರಾದ ಏಳನೆಯ ಕಿಟಕಿಯ ಅಗುಳಿ ಕಿತ್ತೆಸೆದು, ಕದ ಹಾರುಹೊಡೆದು, ಅಧ್ಯಕ್ಷರ ಕೈಯಿಂದ ಕಾಗದ ಕಿತ್ತುಕೊಂಡು ಗಟ್ಟಿಯಾಗಿ ಓದಿದೆ. ಕಟ್ಟೆಯಲ್ಲಿ ಬಲೆ ಹೆಣೆಯುತ್ತಿದ್ದವರೆಲ್ಲ ತಲೆಯೆತ್ತಿದರು. “ಮಾಸ್ತಮ್ಮ, ತಲೆ ನೆಟ್ಟಗಿದ್ಯಾ? ಅಗುಳಿ ಹಾಕು!” ಎಂದು ಪರಮಯ್ಯನವರು ಕೂಗಿದರು. “ಅಗುಳಿ ಕಡ್ಲಿಗೆ ಹೋಯ್ತು, ಬೇಕಾರೆ ಹಾರಿ ತಕಣಿ” ಎಂದೆ. ಹೊರಗೆ ಬೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನನ್ನ ಕೆಲಸ ಹೋಯಿತು. ಜನ ಕೇಳಿಸಿಕೊಂಡ ಮೇಲೆ ಸಭೆಯವರು ಕಲಮನ್ನು ತೆಗೆಯುತ್ತೇವೆ, ಕರಡನ್ನು ಓಣಿಓಣಿಗೆ ಓದಿಸುತ್ತೇವೆ ಎಂದಿದ್ದಾರೆ. ಎನ್ನಲಿ ಬಿಡಿ. ತಿಂಗಳನ್ನೇ ಎಳೆದು ಉದ್ದ ಮಾಡಿದವರ ಮಾತನ್ನು ನಾನು ನಂಬುವುದಿಲ್ಲ, ಅದಕ್ಕೇ ಈ ಕಾಗದವನ್ನು ಮೇಣ ಬಳಿದು ಮನೆಯ ಹಲಗೆಯಡಿ ಇಡುತ್ತಿದ್ದೇನೆ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಸಭಾಮನೆಗೆ ಹೋಗಿ ಏಳನೆಯ ಕಿಟಕಿಯನ್ನು ಮುಟ್ಟಿ ನೋಡಿ. ಅಗುಳಿ ಇಲ್ಲದಿದ್ದರೆ ಗಾಳಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ಕೂತು ಬನ್ನಿ. ಹೊಸ ಅಗುಳಿ ಇದ್ದರೆ, ನಾವೆಲ್ಲ ಒಪ್ಪಿದ್ದೆವು ಎಂದು ಯಾರು ಹೇಳಿದರೂ ನಂಬದೆ, ರಾಜ್ಯಾಂಗ ಬಿಚ್ಚಿ ಇತರರು ಎಂಬ ಪದವನ್ನು ಹುಡುಕಿ.

ಸಿಕ್ಕರೆ, ಅದು ನೀವು.

ನಿಮ್ಮ ಅಜ್ಜಿ,
ಮಾಸ್ತಮ್ಮ