ಏಳಡಿಯ ಕೋಲು

ಅಂಗಡಿಯಿಂದ,
ಮಾರ್ಚ್ ೯

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಪುಟ್ಟಿ ತನ್ನಪ್ಪ ಹೋಗುತ್ತಿದ್ದ ಹಳ್ಳದಲ್ಲೇ ಟ್ರೌಟ್ ಮೀನು ಹಿಡಿಯುತ್ತೇನೆಂದು ಹಟ ಹಿಡಿದಿದ್ದಾಳೆ, ಎಂಥ ಫ್ಲೈ ರಾಡ್ ಕೊಡಿಸಲಿ, ಗಾಳದ ಕೋಲು ಮಾರುವ ತಮ್ಮನಿರುವಾಗ ಬೇರೆ ಯಾರನ್ನು ಕೇಳಲಿ ಎಂದು ಬರೆದಿದ್ದೀಯ. ಬೇರೆಯವರು ಕೇಳಿದ್ದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: ಸಣ್ಣ ಹಳ್ಳಕ್ಕೆ ಏಳಡಿಯ ಕೋಲು, ಹಗುರ ದಾರ. ಅಲ್ಲಿ ಮರಗಳು ತಲೆಯ ಮೇಲೇ ಬಾಗಿರುತ್ತವೆ. ಉದ್ದದ ಕೋಲು ಬೀಸಿದರೆ ಕೊಕ್ಕೆಗೆ ಕೊಂಬೆ ಸಿಗುತ್ತದೆಯೇ ಹೊರತು ಮೀನಲ್ಲ. ಇಪ್ಪತ್ತಾರು ವರ್ಷ ಇದನ್ನೇ ಹೇಳಿ ಹೊಟ್ಟೆ ಹೊರೆದಿದ್ದೇನೆ.

ಭಾವನಿಗೂ ಇದನ್ನೇ ಹೇಳಿದೆ.

ಅವರು ಕೇಳಿದ್ದು ಒಂಬತ್ತಡಿಯದನ್ನು. ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬೂಟು ಬಿಚ್ಚಿ ಎಡಪಾದ ತೋರಿಸಿದರು. ಸಕ್ಕರೆ ಕಾಯಿಲೆ, ಕಣಯ್ಯ, ಕಾಲಿಗೆ ಕಲ್ಲು ಯಾವ್ದು ಮರಳು ಯಾವ್ದು ಗೊತ್ತೇ ಆಗ್ತಿಲ್ಲ, ನೀರಿಗಿಳಿಯೋಕೆ ಭಯ, ಉದ್ದದ್ದು ಕೊಟ್ರೆ ದಡದಲ್ಲೇ ನಿಂತು ಹಿಡೀತೀನಿ ಅಂದರು. ನಿಮ್ಮಕ್ಕನಿಗೆ ಹೇಳ್ಬೇಡ, ಹಳ್ಳದ ಕಡೆ ತಲೆ ಹಾಕೋದಕ್ಕೂ ಬಿಡಲ್ಲ ಅಂತಲೂ ಅಂದರು.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೆದುರು ನನ್ನ ವಿದ್ಯೆ ಮೆರೆಸುವ ಉಮೇದು ನನಗೆ. ಆ ಹಳ್ಳದಲ್ಲಿ ಒಂಬತ್ತಡಿಯ ಕೋಲು ಬೀಸುವುದೆಂದರೆ ಅಡುಗೆಮನೆಯಲ್ಲಿ ಏಣಿ ತಿರುಗಿಸಿದ ಹಾಗೆ ಎಂದೆ. ಎಲ್ಲರೂ ನಕ್ಕರು. ಭಾವನೂ ನಕ್ಕು ಏಳಡಿಯದನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಗಿಡ್ಡ ಕೋಲಿನವನು ನೀರಿಗಿಳಿದು ಮೀನಿನ ಹತ್ತಿರ ಹೋಗಲೇಬೇಕು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ತೊಡೆಮಟ್ಟದ ನೀರಿನಲ್ಲಿ ಸಿಕ್ಕರು. ಕೋಲಿಗೆ ಒಂದು ಗೀರೂ ಆಗಿರಲಿಲ್ಲ. ನೀನು ನನ್ನ ಅಂಗಿ ಹಿಡಿದು, ಬೆಳಿಗ್ಗೆ ಜಗಳವಾಡಿ ಕಳಿಸಿದೆ, ಆ ಸಿಟ್ಟಿನಲ್ಲೇ ಅವರು ಕಾಲಿಟ್ಟ ಕಡೆ ನೋಡಲಿಲ್ಲ, ನಾನೇ ಕೊಂದೆ ಎಂದು ಅತ್ತೆ. ಹಾಗೆಲ್ಲ ಅಂದುಕೊಳ್ಳಬೇಡ ಎಂದಷ್ಟೇ ಹೇಳಿ ಬೆನ್ನು ಸವರಿದೆ. ಎಂಟು ತಿಂಗಳು ನಿನ್ನನ್ನು ಹಾಗೇ ಅಳಲು ಬಿಟ್ಟೆ. ನಾನು ಹೇಡಿ, ಅಕ್ಕಾ.

ನಿನ್ನ ಜಗಳಕ್ಕೆ ಅವರು ಸಾಯಲಿಲ್ಲ. ಜೋಮು ಹಿಡಿದ ಕಾಲಿನವರನ್ನು ನೀರಿಗೆ ಇಳಿಸಿದ್ದು ನಾನು.

ಪುಟ್ಟಿಯ ಕಾಲು ಗಟ್ಟಿಯಾಗಿದೆ, ಅವಳಿಗೆ ಏಳಡಿಯದೇ ಸರಿ. ಬೇರೆ ಅಂಗಡಿಯಲ್ಲಿ ಕೊಡಿಸು. ಕೊಳ್ಳುವ ಮೊದಲು ಅವಳನ್ನು ಒಮ್ಮೆ ಹಳ್ಳದಲ್ಲಿ ನಿಲ್ಲಿಸಿ ನೋಡು.

ನೀನು ಒಪ್ಪಿದರೆ,
ನಿನ್ನ ತಮ್ಮ

ತಾ.ಕ.: ಮೇಲಿನದರಲ್ಲೂ ಒಂದನ್ನು ಬಿಟ್ಟಿದ್ದೇನೆ. ಹಳ್ಳಕ್ಕೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಭಾವ ಆ ಕೋಲು ಬದಲಿಸಿಕೊಳ್ಳಲು ಬಂದಿದ್ದರು. ನಾನು ಬಾಗಿಲು ಹಾಕಿಕೊಂಡು ಊಟಕ್ಕೆ ಕೂತಿದ್ದೆ. ಗಾಜಿನಾಚೆಯಿಂದ ಕೋಲನ್ನು ಎತ್ತಿ ತೋರಿಸಿದರು. ಮತ್ತೆ ವಾದ ಯಾಕೆಂದು, ತಟ್ಟೆಯ ಮುಂದಿನಿಂದ ಏಳದೆ, ನಾಳೆ ಬನ್ನಿ ಎಂದು ಕೈಸನ್ನೆ ಮಾಡಿದೆ. ಅವರು ತಲೆಯಾಡಿಸಿ ಹೋದರು. ಮರುದಿನ ಭಾನುವಾರ, ಅಂಗಡಿಗೆ ರಜೆ. ಕೈಸನ್ನೆ ಮಾಡುವಾಗಲೇ ಅದು ನನಗೆ ಗೊತ್ತಿತ್ತು.